ಎರಡನೆಯ ಕೈ

ಹೋದ ವಾರ ಕೌಜಲಗಿ ಕಡೆಯ ಕಬ್ಬಿನ ಟ್ರೇಲರೊಂದು ಮೂಡಲಗಿಯ ನನ್ನ ಶೆಡ್ಡಿನ ಮುಂದೆ ಬಂದು ನಿಂತಿತು. ಗಾಲಿ ಅಲ್ಲಾಡುತ್ತದೆ ಎಂದು ಡ್ರೈವರನ ತಕರಾರು. ಕುಕ್ಕರಗಾಲಿನಲ್ಲಿ ಕುಂತು ನೋಡಿದೆ. ಗಾಲಿಯ ಪ್ರತಿಯೊಂದು ನಟ್ಟಿನ ಮೇಲೂ ಒಂದೊಂದು ಹಳದಿ ಗೆರೆ ಇತ್ತು. ನಟ್ಟಿನ ತಲೆಯಿಂದ ಹೊರಟು ಗಾಲಿಯ ತಗಡಿನ ಮೇಲೆ ಬಂದು ಮುಗಿಯುವ ಗೆರೆ. ಬಹಳ ಚೊಕ್ಕ ಬಳಿದಿದ್ದರು. ಬರಿಗೈಯಿಂದ ಹಿಡಿದು ತಿರುವಿದೆ. ನಟ್ಟು ನೀರಿನ ಬಾಟಲಿಯ ಮುಚ್ಚಳದ ಹಾಗೆ ತಿರುಗಿತು.

"ಇದನ್ನ ಯಾರ ಕಡೆ ಬಿಗಿ ಮಾಡಿಸಿದ್ಯೋ ತಮ್ಮಾ?" ಎಂದೆ.

"ಬಿಗಿ ಮಾಡ್ಸಿಲ್ರಿ ಮಾಮಾ. ಅರಿಶಿನ ಹಚ್ಚಿಸೇನಿ. ಸೀಜನ್ ಚಲೋ ಹೋಗಲಿ, ಹಚ್ಚಿಸ್ಕೊಂಡ ಬಾ ಅಂತ ಮಾಲಕರು ಹೇಳಿದ್ರು."

ನನಗೆ ನಗು ಬಂತು. ನಕ್ಕ ಮೇಲೆ ಬಾಜೂ ತಿರುಗಿ ನೋಡಿದೆ. ಅಲ್ಲಿ ನಗುವುದಕ್ಕೆ ಇನ್ನೊಬ್ಬರು ಇರಬೇಕಾಗಿತ್ತು. ಅವರು ದಿನಾ ಕೂಡುತ್ತಿದ್ದ ಬಾಕು ಖಾಲಿ ಇತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಹೊಸ ಟ್ರೇಲರ್ ಕಟ್ಟಿದಾಗ ನಾನು ಹಿಂದಿನ ಹಲಗೆಯ ಮೇಲೆ ನನ್ನ ಶೆಡ್ಡಿನ ಹೆಸರನ್ನು ದೊಡ್ಡದಾಗಿ ಬರೆಸುತ್ತಿದ್ದೆ. ಅವರು ಅದನ್ನು ನೋಡಿ, "ಕೆಲಸದ ಮ್ಯಾಲ ಹೆಸರ ಬರೀಬಾರದ್ರಿ, ಗೆರಿ ಎಳೀಬೇಕು" ಎನ್ನುತ್ತಿದ್ದರು. ನಮ್ಮ ರಸ್ತೆಯ ಶೆಡ್ಡಿನವರೆಲ್ಲ ಅವರನ್ನು ಗೆರಿ ಕಾಕಾ ಎಂದು ಕರೆದರು. ಮೊದಲು ಚೇಷ್ಟೆಗೆ, ಆಮೇಲೆ ರೂಢಿಗೆ. ನಾನೂ ಹಾಗೆಯೇ ಕರೆಯುತ್ತೇನೆ.

ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯವರು. ಬೆಳಗಾವಿಯ ಬಾಜೂ ಪರದೇಶದವರ ಒಂದು ಕಂಪನಿ ಇತ್ತು. ಟ್ರ್ಯಾಕ್ಟರುಗಳ ಭಾರ ಎತ್ತುವ ಪಂಪುಗಳನ್ನು ಜೋಡಿಸುವ ಕಂಪನಿ. ವಯಸ್ಸಿನ ಬಹುಪಾಲನ್ನು ಅದರಲ್ಲೇ ಕಳೆದಿದ್ದರು. ಮುಂದೆ ಆ ಕೆಲಸವನ್ನು ಮಾಲಕರು ಇನ್ನೊಂದು ದೇಶಕ್ಕೆ ಒಯ್ದರು. ಯಂತ್ರಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಿದರು. ಜನರನ್ನು ಹಾಗೆ ಕಟ್ಟಿ ಕಳಿಸಲಿಕ್ಕೆ ಬರುವುದಿಲ್ಲವಲ್ಲ, ಅವರವರ ಊರಿಗೆ ಅವರವರು ಹೋದರು. ಕಾಕಾ ಹುಕ್ಕೇರಿಯಲ್ಲಿ ತಮ್ಮನ ಮನೆಯಲ್ಲಿ ಸ್ವಲ್ಪ ದಿನ ಇದ್ದು ನೋಡಿದರಂತೆ. ಸದ್ದಿಲ್ಲದ ಮನೆಯಲ್ಲಿ ನಿದ್ದೆ ಹತ್ತಲಿಲ್ಲವಂತೆ. ಅದಕ್ಕೇ ಗೋಕಾಕ ಫಾಲ್ಸಿನಲ್ಲಿ ಒಂದು ಖೋಲಿ ಹಿಡಿದರು. ಒಂದು ಕಡೆ ಗಿರಣಿಯ ಸದ್ದು, ಇನ್ನೊಂದು ಕಡೆ ನೀರು ಬೀಳುವ ಸದ್ದು. "ಈಗ ಚಲೋ ನಿದ್ದಿ ಬರತೈತ್ರಿ, ಶಿಫ್ಟಿನ್ಯಾಗ ಇದ್ಧಂಗ ಆಗತೈತಿ" ಎಂದಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿ ಫಾಲ್ಸು ಬರೀ ಬಂಡೆಯಾಗುತ್ತದೆ. ಆ ದಿನಗಳಲ್ಲಿ ಅವರ ಕಣ್ಣು ಕೆಂಪಗಿರುತ್ತಿದ್ದವು.

ಅಲ್ಲಿಂದ ದಿನಾ ಬಸ್ ಹತ್ತಿ ಬರುತ್ತಿದ್ದರು. ಗೋಕಾಕದಲ್ಲಿ ಇಳಿದು ಮೂಡಲಗಿ ಬಸ್ಸಿಗೆ ಏರಬೇಕು. ಏರುವ ಮೊದಲು ಬಸ್ಸಿನ ಗಾಲಿಯ ಹತ್ತಿರ ಬಗ್ಗಿ ನಟ್ಟುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅರಭಾವಿ ಕಾಲೇಜಿಗೆ ಹೋಗುವ ಹುಡುಗಿಯರು ಕಿಡಕಿಯಿಂದ ಇಣುಕಿ ನಗುತ್ತಿದ್ದರಂತೆ. ಕಂಡಕ್ಟರ ಒಬ್ಬ ಅವರಿಗೆ ಎಷ್ಟು ಹೊಂದಿಕೊಂಡಿದ್ದನೆಂದರೆ, ಅವರು ಎದ್ದು ನಿಲ್ಲುವ ತನಕ ಸೀಟಿ ಊದುತ್ತಿರಲಿಲ್ಲ.

"ಏನ್ರಿ ಕಾಕಾ, ಹೊಂಡೂಣೇನ್ರಿ? ಎಲ್ಲಾ ಬಿಗಿ ಅದಾವಿಲ್ಲ?"

"ನಾ ನೋಡೇನಿ. ನೀ ಒಮ್ಮೆ ನೋಡಿಬಿಡು."

"ನಾ ನೋಡಕೋಂತ ಕುಂತ್ರ ಟಿಕೀಟ್ ಯಾರ ನಿಮ್ಮ ಕಾಕೂ ಕೊಡತಾಳೇನ್ರಿ?"

ಕಾಕೂ, ಅಂದರೆ ಕಾಕಾನ ಹೆಂಡತಿ, ತೀರಿಹೋಗಿ ಬಹಳ ಕಾಲವಾಗಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಕಾಕಾ ನಕ್ಕು ಬಸ್ ಹತ್ತುತ್ತಿದ್ದರು.

ನನ್ನ ಶೆಡ್ಡಿಗೆ ಮೊದಲ ದಿನ ಬಂದಾಗ ನಡೆದ ಮಾತು ಇನ್ನೂ ಕಿವಿಯಲ್ಲಿದೆ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ. ಚೀಲದಲ್ಲಿ ಒಂದು ಸ್ಟೀಲ್ ಲೋಟ ಮತ್ತು ಅರಿವೆಯಲ್ಲಿ ಸುತ್ತಿದ, ನಟ್ಟು ಬಿಗಿಯುವ ಒಂದು ಉದ್ದನೆಯ ಪಾನಾ. ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ ಟಕ್ ಎಂದು ಸದ್ದು ಮಾಡುವ ಪಾನಾ ಅದು. ಶೆಡ್ಡನ್ನು ಒಂದು ಸುತ್ತು ನೋಡಿ, "ಕೆಲಸಾ ಮಾಡತೇನ್ರಿ. ಆದ್ರ ಇಲ್ಲೆ ಸೆಕೆಂಡ್ ಹ್ಯಾಂಡ್ ಯಾರ ಅದಾರ?" ಎಂದು ಕೇಳಿದರು.

"ಇಲ್ಲೆ ಎಲ್ಲಾನೂ ಸೆಕೆಂಡ್ ಹ್ಯಾಂಡ್ ಅದಾವ್ರಿ" ಎಂದೆ ನಾನು. "ಟೈರು, ಅಕ್ಸಲ್ಲು, ಆ ವೆಲ್ಡಿಂಗ್ ಮಿಶನ್ನು. ಹೊಸಾದು ಬೇಕಂದ್ರ ಕೊಲ್ಲಾಪುರಕ್ಕ ಹೋಗಬೇಕಾಗತೈತಿ."

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಅವರ ಕಂಪನಿಯಲ್ಲಿ ನಟ್ಟನ್ನು ಒಬ್ಬ ಬಿಗಿಯುತ್ತಾನೆ. ಬಿಗಿದವನು ಸರಿದು ನಿಲ್ಲುತ್ತಾನೆ. ಇನ್ನೊಬ್ಬ ಬಂದು ಅದೇ ನಟ್ಟಿನ ಮೇಲೆ ಪಾನಾ ಇಟ್ಟು ನೋಡುತ್ತಾನೆ. ಟಕ್ ಎಂದರೆ ಹಳದಿ ಗೆರೆ ಎಳೆಯುತ್ತಾನೆ. ಗೆರೆ ಎಳೆಯುವವನು ಯಾವಾಗಲೂ ಎರಡನೆಯವನೇ. ಮುಂದೆ ಯಾವತ್ತಾದರೂ ನಟ್ಟು ಜರುಗಿದರೆ ಗೆರೆ ಎರಡು ತುಂಡಾಗುತ್ತದೆ, ದೂರದಿಂದಲೇ ಕಾಣುತ್ತದೆ. ಆ ಎರಡನೆಯವನಿಗೆ ಅಲ್ಲಿ ಸೆಕೆಂಡ್ ಹ್ಯಾಂಡ್ ಎನ್ನುತ್ತಾರೆ. ಎರಡನೆಯ ಕೈ.

ಕೇಳಲಿಕ್ಕೆ ಚೆನ್ನಾಗಿತ್ತು. ಆದರೆ ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟು ಪಾನಾ ಹಿಡಿದವನು. ನಮ್ಮ ಉಸ್ತಾದ ಕಲಿಸಿದ್ದೇ ಬೇರೆ. ಒಬ್ಬನ ಕೆಲಸದ ಮೇಲೆ ಇನ್ನೊಬ್ಬ ಕೈ ಇಟ್ಟನೆಂದರೆ ಮೊದಲನೆಯವನಿಗೆ ಕೆಲಸ ಬರುವುದಿಲ್ಲ ಎಂದು ಅರ್ಥ. ನಮ್ಮ ರಸ್ತೆಯಲ್ಲಿ ಮಾರಾಮಾರಿಗಳು ಇಷ್ಟಕ್ಕೇ ಆಗಿವೆ.

ಅವರು ಸೇರಿದ ಕೆಲವೇ ದಿನಕ್ಕೆ ಅದೇ ಆಯಿತು. ಒಂದು ಟ್ರೇಲರಿಗೆ ಗಾಲಿ ಹಾಕಿ, ಮೈಭಾರ ಬಿಟ್ಟು ಬಿಗಿದು, ಕೈ ಒರೆಸಿಕೊಳ್ಳುತ್ತಿದ್ದೆ. ಗಿರಾಕಿ ಎದುರಿಗೇ ನಿಂತಿದ್ದರು. ಕಾಕಾ ಬಂದವರೇ ನಾನು ಬಿಗಿದ ನಟ್ಟಿನ ಮೇಲೆ ತಮ್ಮ ಪಾನಾ ಇಟ್ಟರು.

"ಏನ್ ಮಾಡಾಕತ್ತೀರಿ?" ಎಂದೆ.

"ನೋಡಾಕತ್ತೇನ್ರಿ."

"ನನ್ನ ಕೈಗೆ ಪರೀಕ್ಷಾ ಹಚ್ಚತೀರೇನ್ರಿ? ಗಿರಾಕಿ ಮುಂದ?"

"ಕೈಗೆ ಯಾರ ಹಚ್ಚತಾರ್ರಿ? ನಟ್ಟಿಗೆ ಹಚ್ಚೇನಿ."

ಒಂದೊಂದೇ ನೋಡಿದರು. ಎಲ್ಲವೂ ಟಕ್ ಎಂದವು. ನಾನು ಬಿಗಿದದ್ದಲ್ಲವೇ, ಅನ್ನದೆ ಎಲ್ಲಿಗೆ ಹೋಗುತ್ತವೆ. ಕಾಕಾನ ಮುಖ ಮಾತ್ರ ಹಬ್ಬದ ದಿನದ ಮುಖದ ಹಾಗೆ ಅರಳಿತು. ಜೇಬಿನಿಂದ ಬಣ್ಣದ ಪೆನ್ನು ತೆಗೆದು ಗೆರೆ ಎಳೆದರು. ಎಳೆದು, ಬೆರಳಿನ ಗೆಣ್ಣಿನಿಂದ ತಗಡಿನ ಮೇಲೆ ಎರಡು ಸಲ ಕುಟ್ಟಿದರು.

"ಎಲ್ಲಾ ಬಿಗಿ ಇದ್ದೂವಿಲ್ಲೋ? ಮತ್ತ ನೋಡಿ ಏನ್ ಗಳಿಸಿದ್ರಿ?" ಎಂದು ನಾನು ಒದರಿದೆ.

"ಬಿಗಿ ಅದಾವ ಅಂತ ಮೊದಲ ಒಬ್ಬರಿಗೆ ಗೊತ್ತಿತ್ತು. ಈಗ ಇಬ್ಬರಿಗೆ ಗೊತ್ತಾತು."

ಎದುರಿನ ಶೆಡ್ಡಿನ ಭೀಮಪ್ಪ ತನ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ. "ಏ ಮಾಳಪ್ಪಾ, ನಿನಗ ಇನ್‌ಸ್ಪೆಕ್ಟರ್ ಬಂದಾರಲ್ಲೋ!" ಎಂದು ಕೂಗಿದ. ನನ್ನ ಮೈ ಉರಿಯಿತು. ಅವತ್ತೇ ಹೇಳಿಬಿಟ್ಟೆ. ನನ್ನ ಕೆಲಸಕ್ಕೆ ನಾನು, ನಿಮ್ಮ ಕೆಲಸಕ್ಕೆ ನೀವು. ನನ್ನ ನಟ್ಟು ಮುಟ್ಟಬೇಡಿರಿ. ಆ ಮಾತು ತಪ್ಪು ಎಂದು ನನಗೆ ಈಗಲೂ ಅನಿಸುವುದಿಲ್ಲ. ಶೆಡ್ಡು ನಡೆಯುವುದು ಕೈಯ ಹೆಸರಿನ ಮೇಲೆ. ಅವರು ವಾದ ಮಾಡಲಿಲ್ಲ. "ಹೂಂ" ಎಂದರು, ಅಷ್ಟೆ.

ಆ ಮೇಲೆ ಶುರುವಾದದ್ದೇ ಒಂದು ವಿಚಿತ್ರ. ತಮ್ಮ ಪಾಲಿನ ಗಾಲಿಯನ್ನು ಕಾಕಾ ಬಿಗಿಯುವರು. ಪಾನಾ ಕೆಳಗಿಟ್ಟು ಶೆಡ್ಡಿನ ಹೊರಗೆ ಹೋಗುವರು. ರಸ್ತೆಯ ಅಂಚಿಗೆ ಒಂದು ಬೇವಿನ ಗಿಡ ಇದೆ. ಅದರ ಕೆಳಗೆ ನಿಂತು ಕಣ್ಣಿನ ಚಾಳೀಸು ಒರೆಸಿಕೊಳ್ಳುವರು, ಮುಖಕ್ಕೆ ನೀರು ಹಾಕಿಕೊಳ್ಳುವರು, ಹೋಗಿ ಬರುವ ಗಾಡಿಗಳನ್ನು ನೋಡುವರು. ಆಮೇಲೆ ಈಗತಾನೆ ಬಂದ ಹೊಸಬರ ಹಾಗೆ ಒಳಗೆ ಬಂದು, ಅದೇ ಗಾಲಿಯ ಮುಂದೆ ಕುಂತು, ತಮ್ಮವೇ ನಟ್ಟುಗಳನ್ನು ಪಾನಾ ಹಚ್ಚಿ ನೋಡುವರು.

ನಾನು ಒಂದು ದಿನ ಕೇಳಿಯೇಬಿಟ್ಟೆ: "ಇದೇನ್ರಿ ಕಾಕಾ, ನಾಟಕಾ?"

"ಹೊರಗ ಹೋದಾಂವ ಬ್ಯಾರೆ, ಒಳಗ ಬಂದಾಂವ ಬ್ಯಾರೆ ಅನ್ನೂದನ್ನ ರೂಢಿ ಮಾಡಾಕತ್ತೇನ್ರಿ."

"ಆಗತೈತೇನು?"

"ಇಲ್ರಿ. ಅಂವನ ಬರತಾನ."

ಇಷ್ಟೆಲ್ಲ ಮಾಡಿಯೂ ಅವರು ಗೆರೆ ಎಳೆಯುತ್ತಿರಲಿಲ್ಲ. ಪೆನ್ನು ಜೇಬಿನಲ್ಲೇ ಒಣಗುತ್ತಿತ್ತು. ಎಳೆದರೆ ಯಾರು ಬಂದು ಕೇಳುತ್ತಿದ್ದರು? ಅದನ್ನೂ ಹೇಳಿದೆ. ಅವರು ಚಾಳೀಸು ತೆಗೆದು ನನ್ನನ್ನು ನೋಡಿದರು. "ಗೆರಿ ಅಂದ್ರ ಸಾಕ್ಷಿ. ನನ್ನ ಕೆಲಸಕ್ಕ ನಾನ ಸಾಕ್ಷಿ ನಿಂತ್ರ ಯಾಂವ ನಂಬತಾನ್ರಿ? ನಾನ ನಂಬಂಗಿಲ್ಲ."

ಅವತ್ತು ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಗಾಡಿ ನಿಲ್ಲಿಸಿ ಕಾಯುತ್ತಿದ್ದೆ. ನಾವೂ ಕುರಿ ಕಾಯ್ದ ಮಂದಿಯೇ. ನಮ್ಮಪ್ಪ ಸಂಜೆಗೆ ದೊಡ್ಡಿಯ ಬಾಯಲ್ಲಿ ನಿಂತು ಕುರಿ ಎಣಿಸಿ ಒಳಗೆ ಬಿಡುತ್ತಿದ್ದ. ಎಣಿಸಿ ಮುಗಿದ ಮೇಲೆ ಎಷ್ಟಾದವೆಂದು ಬಾಯಿ ಬಿಡುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದು ತಾನೊಮ್ಮೆ ಎಣಿಸುತ್ತಿದ್ದಳು. ಅವಳು ಹೇಳಿದ ಲೆಕ್ಕವೂ ಅಪ್ಪನ ಮನಸ್ಸಿನ ಲೆಕ್ಕವೂ ಕೂಡಿದರೆ ಮಾತ್ರ ದೊಡ್ಡಿಯ ಬಾಯಿಗೆ ಮುಳ್ಳಿನ ಪಡಕು ಮುಚ್ಚುತ್ತಿತ್ತು. ಅಪ್ಪ ಬಹಳ ಸಿಟ್ಟಿನ ಮನುಷ್ಯ. ಆದರೆ ಅವ್ವ ಎಣಿಸಿದ್ದಕ್ಕೆ ಒಂದು ದಿನವೂ ಸಿಟ್ಟಾಗಲಿಲ್ಲ. ಅವ್ವ ತವರಿಗೆ ಹೋದ ದಿನ ಬಾಜೂ ಹಟ್ಟಿಯವನನ್ನು ಕರೆದು ಎಣಿಸಲು ಹಚ್ಚುತ್ತಿದ್ದ. ಅದು ನನಗೆ ಆ ಹಿಂಡಿನ ನಡುವೆ ನೆನಪಾಯಿತು.

ಮರುದಿನ ಕಾಕಾ ಒಂದು ಗಾಲಿ ಬಿಗಿದು ಬೇವಿನ ಗಿಡದ ಕಡೆ ಹೊರಟಿದ್ದರು. ನಾನು ಅವರ ಪಾನಾ ಎತ್ತಿಕೊಂಡೆ. ಕುಂತು ಒಂದೊಂದೇ ನಟ್ಟು ನೋಡಿದೆ. ಒಂದು ಟಕ್ ಎನ್ನುವ ಮೊದಲು ಕೂದಲೆಳೆಯಷ್ಟು ಸರಿಯಿತು. ಬೆರಳು ತೋರಿಸಿದೆ. ಅವರು ಬಂದು ಮತ್ತೆ ಬಿಗಿದರು. ನಾನು ಮತ್ತೆ ನೋಡಿದೆ. ಆಮೇಲೆ ಕೈ ಚಾಚಿದೆ. ಅವರು ಪೆನ್ನು ಕೊಟ್ಟರು. ಬಣ್ಣ ಒಣಗಿತ್ತು. ನೆಲಕ್ಕೆ ತಿಕ್ಕಿ ತಿಕ್ಕಿ ಬರಿಸಿ ಎಳೆದೆ. ನನ್ನ ಗೆರೆ ಸೊಟ್ಟಗೆ ಬಂತು.

"ಸೊಟ್ಟ ಆತ್ರಿ" ಎಂದೆ.

"ಸೊಟ್ಟ ಇದ್ರ ಏನಾತು, ನಿಮ್ಮ ಕೈದೈತೆಲ್ಲಾ" ಎಂದರು. ಎರಡು ಸಲ ತಗಡಿನ ಮೇಲೆ ಕುಟ್ಟಿದರು. ಅವತ್ತಿನಿಂದ ನನ್ನ ನಟ್ಟಿಗೂ ಅವರ ಪಾನಾ ಬಂತು.

ಅವರ ಸ್ಟೀಲ್ ಲೋಟದ ಮಾತನ್ನು ಹೇಳಬೇಕು. ಚಹಾ ಬಂದಾಗ ಹೋಟೆಲಿನ ಕಪ್ಪನ್ನು ಅವರು ಮುಟ್ಟುತ್ತಿರಲಿಲ್ಲ. ಚೀಲದಿಂದ ತಮ್ಮ ಲೋಟ ತೆಗೆದು ಮುಂದೆ ಹಿಡಿಯುತ್ತಿದ್ದರು. ಪರದೇಶದ ಕಂಪನಿಯ ಸ್ವಚ್ಛತೆ ಇರಬೇಕೆಂದು ನಾನು ತಿಳಿದಿದ್ದೆ. ಆ ದಿನ ಚಹಾ ಬಂದಾಗ ಅವರೇ ಹೇಳಿದರು. "ನಮ್ಮಪ್ಪ ಊರ ಹೋಟೆಲಿನ್ಯಾಗ ಹೊರಗ ಇಟ್ಟ ಕಪ್ಪಿನ್ಯಾಗ ಚಾ ಕುಡದಾಂವ್ರಿ. ಕುಡದು ತೊಳದು ಹೊರಗ ಇಡಬೇಕಿತ್ತು. ನಾ ನೌಕರಿಗೆ ಹತ್ತಿದ ದಿನಾನ ಲೋಟಾ ತಗೊಂಡೆ. ಯಾರ ಕಪ್ಪೂ ಬ್ಯಾಡ ಅಂತ."

ನಾನು ನನ್ನ ಕಪ್ಪನ್ನು ಕೆಳಗಿಟ್ಟೆ.

"ಕಂಪನಿಗೆ ಹ್ವಾದ ಮೊದಲ್ನೇ ದಿನ ಒಬ್ಬ ಉದ್ದನ ಸಾಹೇಬ, ಅವರ ದೇಶದಾಂವ, ನಾ ಬಿಗಿದ ನಟ್ಟು ನೋಡಿ ಗೆರಿ ಎಳದ. ಆಮ್ಯಾಲ ತಾ ಬಿಗಿದು ಸರದು ನಿಂತು, ಈಗ ನೀ ನೋಡು ಅಂದ. ನಾನು! ಅಂವ ಬಿಗಿದದ್ದನ್ನ! ಅಲ್ಲೆ ಕೈ ಯಾರದು ಅಂತ ಕೇಳತಿದ್ದಿಲ್ರಿ. ಬ್ಯಾರೆಯವರದಿದ್ರ ಸಾಕಾಗಿತ್ತು."

ಹೇಳಿ, ತಮ್ಮ ಲೋಟದ ಚಹಾವನ್ನು ಅರ್ಧ ನನ್ನ ಕಪ್ಪಿನ ಬಸಿಗೆ ಸುರುವಿದರು. ಕುಡಿದೆ. ನನ್ನದು ಆಗಲೇ ಮುಗಿದಿತ್ತು.

ಆ ಉದ್ದನ ಸಾಹೇಬನೂ ಇವರೂ ಬಹಳ ವರ್ಷ ಒಬ್ಬರಿಗೊಬ್ಬರು ಎರಡನೆಯ ಕೈ ಆಗಿದ್ದರಂತೆ. ಅವನಿಗೆ ಕನ್ನಡ ಇಲ್ಲ, ಇವರಿಗೆ ಅವನ ಭಾಷೆ ಇಲ್ಲ. ತಗಡಿನ ಮೇಲೆ ಎರಡು ಸಲ ಕುಟ್ಟುವುದು ಅವನು ಕಲಿಸಿದ್ದು. ನೋಡಿದೆ, ಸರಿ ಇದೆ, ಎಂದು ಅದರ ಅರ್ಥ. ಒಮ್ಮೆ ಕೇಳಿದೆ, "ಅಂವ ಈಗ ಎಲ್ಲಿರಬಹುದ್ರಿ?"

"ಯಾರಿಗೊತ್ತು? ಮನಿ ಮಠಾ ಹೆಂಡ್ತಿ ಮಕ್ಕಳು ಏನೂ ಕೇಳಿದ್ದಿಲ್ಲ ನಾವು. ಆದ್ರ ಅಂವನಷ್ಟು ಗೆಳ್ಯಾ ನನಗ ಯಾರೂ ಇದ್ದಿಲ್ರಿ."

ಕಾಕಾಗೆ ಎಲ್ಲವೂ ಗೊತ್ತಿತ್ತು ಎಂದು ತಿಳಿಯಬಾರದು. ತುಕ್ಕು ಅವರಿಗೆ ಗೊತ್ತೇ ಇರಲಿಲ್ಲ. ಕಂಪನಿಗೆ ಬರುತ್ತಿದ್ದ ಬೋಲ್ಟುಗಳು ಹೊಸ ಮದುಮಗಳ ಹಾಗೆ ಹೊಳೆಯುತ್ತ ಬರುತ್ತಿದ್ದವಂತೆ. ನಮ್ಮವು ರಾಡಿಯಲ್ಲಿ ಮುಳುಗಿ ಎದ್ದ ಟ್ರೇಲರುಗಳು. ತುಕ್ಕು ಹಿಡಿದ ಬೋಲ್ಟಿನ ಎಳೆಯ ಮೇಲೆ ನಟ್ಟು ನಡುವೆಯೇ ಕಚ್ಚಿ ನಿಲ್ಲುತ್ತದೆ. ಅವರ ಪಾನಾ ಮೋಸ ಹೋಗಿ ಟಕ್ ಎನ್ನುತ್ತದೆ. ಡೀಸೆಲ್ ಹಚ್ಚಿ, ತಂತಿ ಬ್ರಶ್ಶಿನಿಂದ ತಿಕ್ಕಿ, ಬರಿಗೈಯಿಂದ ಕೊನೆಯ ತನಕ ತಿರುವಿದ ಮೇಲೆ ಪಾನಾ ಹಚ್ಚಬೇಕು ಎಂದು ನಾನು ತೋರಿಸಿದೆ. ಅವರು ಮಗ್ಗಿ ಕಲಿಯುವವರ ಹಾಗೆ ಬಾಯಲ್ಲಿ ಅಂದುಕೊಂಡು ಕಲಿತರು. "ಈ ಪಾಠಾ ಆ ಸಾಹೇಬಗೂ ಬೇಕಿತ್ರಿ" ಎಂದರು. ನನಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಅವರ ಖೋಲಿಗೆ ನಾನು ಹೋದದ್ದು ಒಂದೇ ಸಲ. ಗೋಡೆಗೆ ಬುದ್ಧನ ಒಂದು ಫೋಟೋ, ಒಂದು ಕಾಟು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಯಾರೂ ಕುಂತ ಗುರುತಿರಲಿಲ್ಲ. ಅದರ ಬಣ್ಣ ಹಾಗೇ ಇತ್ತು. ಹೊರಡುವಾಗ ಗ್ಯಾಸಿನ ಗುಬ್ಬಿ ತಿರುವಿ, "ನೀವೂ ಒಮ್ಮೆ ನೋಡ್ರಿ" ಎಂದರು. ನೋಡಿದೆ. ಬಾಗಿಲಿಗೆ ಕೀಲಿ ಹಾಕಿ, "ನೀವೂ ಒಮ್ಮೆ ಜಗ್ಗರಿ" ಎಂದರು. ಜಗ್ಗಿದೆ. ಮೆಟ್ಟಿಲು ಇಳಿಯುತ್ತ ಹೇಳಿದರು: "ಆಕಿ ಇದ್ದಾಗ, ನಾ ಕೀಲಿ ಹಾಕಿದ ಮ್ಯಾಲ ಆಕಿ ಜಗ್ಗಿ ನೋಡಿ, ಬಿದ್ದೈತಿ ಹೋಗ್ರಿ ಅಂತಿದ್ಳು. ಈಗ ಕೀಲಿ ಹಾಕಿ ರಸ್ತಾದ ತನಕಾ ಬರತೇನಿ, ಮತ್ತ ಹೊಳ್ಳಿ ಹೋಗತೇನಿ. ಬಸ್ ತಪ್ಪತೈತಿ. ತಡಾ ಆದ್ರ ನೀವು ಬೈತೀರಿ."

ನಾನು ಆಮೇಲೆ ತಡವಾದದ್ದಕ್ಕೆ ಬೈಯಲಿಲ್ಲ.

ಗೆರೆಯ ಸುದ್ದಿ ಹಬ್ಬಿತು. ನಮ್ಮ ಶೆಡ್ಡಿನಿಂದ ಹೋದ ಟ್ರೇಲರುಗಳು ಸಕ್ಕರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಾಗ ಬೇರೆ ಡ್ರೈವರುಗಳು ನೋಡಿದರು. ಆ ಗೆರೆಯ ಗಾಡಿಗಳು ಕೆಡುವುದಿಲ್ಲ ಎಂದು ಯಾರೋ ಅಂದರು. ಸಾಕಾಯಿತು. ಗೋಕಾಕದಿಂದ ಮೂಡಲಗಿಯ ತನಕ ಇದ್ದ ಶೆಡ್ಡಿನವರೆಲ್ಲ ಹಳದಿ ಬಣ್ಣದ ಡಬ್ಬಿ ತಂದರು. ಕೆಲವರು ಮೊದಲು ಗೆರೆ ಎಳೆದು ಆಮೇಲೆ ಬಿಗಿದರು. ಕೆಲವರು ಬಿಗಿಯುವುದನ್ನೇ ಬಿಟ್ಟರು. ಭೀಮಪ್ಪನಂತೂ ಟ್ರ್ಯಾಕ್ಟರಿನ ದೀಪಕ್ಕೂ ಎಳೆದ. ಹಳದಿ ಬಣ್ಣ ನೋಡಿ ಮಂದಿ ಅದಕ್ಕೆ ಅರಿಶಿನ ಎಂದರು. ಅರಿಶಿನ ಎಂದ ಮೇಲೆ ಅದು ಪೂಜೆಯೇ ಆಯಿತು.

ಕಾಕಾ ಮೊದಲು ನಗುತ್ತಿದ್ದರು. ಆಮೇಲೆ ಒಂದು ದಿನ ತಡೆಯಲಾರದೆ ಭೀಮಪ್ಪನ ಶೆಡ್ಡಿಗೇ ಹೋದರು.

"ಅರಿಶಿನ ಅಲ್ರಿ ಭೀಮಪ್ಪಣ್ಣಾ, ಪೇಂಟು. ಇದನ್ನ ಎಳ್ಯಾಕ ಇಬ್ಬರು ಬೇಕಾಗತಾರ."

"ಗೆರಿ ಎಳ್ಯಾಕ ಇಬ್ಬರ್ಯಾಕ್ರಿ ಕಾಕಾ? ನಮ್ಮ ಮನ್ಯಾಗ ರಂಗೋಲಿ ಒಬ್ಬಾಕಿನ ಹಾಕತಾಳ. ಕುಂದರ್ರಿ, ಚಾ ಕುಡೀರಿ. ನಮಗೂ ಕೆಲಸಾ ಬರತೈತಿ."

ಚಹಾ ಕುಡಿದು ಬಂದರು, ತಮ್ಮ ಲೋಟದಲ್ಲೇ. ತಮ್ಮ ಬಾಕಿನ ಮೇಲೆ ಕುಂತು ಪಾನಾ ಒರೆಸತೊಡಗಿದರು.

ದೊಡ್ಡ ದೊಡ್ಡ ಮಂದಿ ಹೇಳುವುದನ್ನು ನಾನೂ ಕೇಳಿದ್ದೇನೆ. ಪರದೇಶದ ಕಂಪನಿ ಬಂದರೆ ಅದರ ವಿದ್ಯೆ ತಾನಾಗಿಯೇ ಸುತ್ತಲಿನವರಿಗೂ ಹರಿಯುತ್ತದಂತೆ, ಕಾಲುವೆಯ ನೀರು ಬಾಜೂ ಹೊಲಕ್ಕೆ ಬಸಿದ ಹಾಗೆ. ಬಸಿಯುವುದು ಖರೆ. ಆದರೆ ಘಟಪ್ರಭೆಯ ಕಾಲುವೆಯ ಕೆಳಗೆ ಹೊಲ ಇದ್ದವರನ್ನು ಕೇಳಿರಿ. ಬಸಿದ ನೀರಿನಿಂದ ಒಬ್ಬನ ಹೊಲದಲ್ಲಿ ಕಬ್ಬು ಬೆಳೆಯುತ್ತದೆ, ಇನ್ನೊಬ್ಬನ ಹೊಲ ಉಪ್ಪೇರಿ ಸವಳಾಗಿ ಬೆಳ್ಳಗೆ ಕುಂತುಬಿಡುತ್ತದೆ. ನೀರು ಅದೇ. ಕಾಕಾ ಇದನ್ನೇ ಚಿಕ್ಕದಾಗಿ ಹೇಳಿದರು: "ಗೆರಿ ಬಸ್ ಹತ್ತಿ ಊರೂರಿಗೆ ಹೋತ್ರಿ. ಕೈ ಇಲ್ಲೇ ಉಳೀತು."

ದಸರೆಗೆ ಹತ್ಯಾರ ಪೂಜಿಸುವ ಖಂಡೇಪೂಜೆಯ ದಿನ ಅವರು ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದರು. ಅವರಲ್ಲಿ ಆ ಪೂಜೆ ಇಲ್ಲ. ನಾವೂ ಒತ್ತಾಯ ಮಾಡುತ್ತಿರಲಿಲ್ಲ. ಒಂದು ವರ್ಷ ನನ್ನ ಹೆಂಡತಿ ಎಲ್ಲ ಹತ್ಯಾರಗಳ ಜೊತೆ ಅವರ ಪಾನಾಕ್ಕೂ ಕುಂಕುಮ ಹಚ್ಚಿಬಿಟ್ಟಳು. ನಾನು ಒರೆಸಲು ಹೋದೆ. "ಇರಲಿ ಬಿಡ್ರಿ. ಅಕ್ಕಾರು ಪ್ರೀತಿಲೆ ಹಚ್ಚ್ಯಾರ. ನಾಳೆ ಒರಸತೇನಿ" ಎಂದರು. ಮರುದಿನ ಮೊದಲ ಕೆಲಸವಾಗಿ ಒರೆಸಿದರು.

ಈ ಸಲದ ದಸರೆಗೆ ಅವರು ಇರಲಿಲ್ಲ. ಮಳೆಗಾಲದಲ್ಲಿ ತಮ್ಮನ ಮನೆಗೆಂದು ಹುಕ್ಕೇರಿಗೆ ಹೋದವರು ಅಲ್ಲೇ ನಿದ್ದೆಯಲ್ಲಿ ಹೋದರು. ತಮ್ಮನ ಫೋನ್ ಬಂದಾಗ ನಾನು ಪಾನಾ ಹಿಡಿದುಕೊಂಡೇ ನಿಂತಿದ್ದೆ. ಶೆಡ್ಡು ಮುಚ್ಚಿ ಹೋದೆ. ಸದ್ದಿಲ್ಲದ ಮನೆಯಲ್ಲಿ ಅವರಿಗೆ ಕಡೆಗೂ ನಿದ್ದೆ ಹತ್ತಿತ್ತು.

ಅಂಗಳದಲ್ಲಿ ನನಗೆ ಪರಿಚಯವಿಲ್ಲದ ನಾಲ್ಕೈದು ಮಂದಿ ಇದ್ದರು. ತಲೆ ನೆರೆತವರು, ಬೇರೆ ಬೇರೆ ಊರಿನಿಂದ ಬಂದವರು. ಕಂಪನಿಯಲ್ಲಿ ಅವರ ಜೊತೆ ದುಡಿದವರು ಎಂದು ತಮ್ಮ ಹೇಳಿದ. ಒಬ್ಬರು ಚಟ್ಟದ ಬಿದಿರಿಗೆ ಹಗ್ಗ ಕಟ್ಟಿದರು. ಕಟ್ಟಿ, ಹಿಂದೆ ಸರಿದು ನಿಂತರು. ಇನ್ನೊಬ್ಬರು ಮುಂದೆ ಬಂದು ಪ್ರತಿಯೊಂದು ಗಂಟನ್ನೂ ಜಗ್ಗಿ ನೋಡಿದರು. ಕಟ್ಟಿದವರಿಗೆ ಸಿಟ್ಟು ಬರಲಿಲ್ಲ. ನೋಡಿದವರು ಬಿದಿರಿನ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಆಗ ಎತ್ತಿದೆವು. ಮಂದಿಯ ನಡುವೆ ನನಗೆ ಅಳು ಬಂದದ್ದು ಆ ಸದ್ದಿಗೆ.

ಆ ಮಂದಿ ಮಣ್ಣು ಮುಗಿದ ಮೇಲೆ ಅವರವರ ಬಸ್ ಹತ್ತಿ ಹೋದರು. ನಾನು ಮೂಡಲಗಿಗೆ ಬಂದೆ.

ಈಗ ಆ ಕೌಜಲಗಿ ಟ್ರೇಲರಿನ ಮಾತಿಗೆ ಬರುತ್ತೇನೆ. ನಟ್ಟುಗಳನ್ನು ಬಿಚ್ಚಿದೆ. ಡೀಸೆಲ್ ಹಚ್ಚಿ ತಿಕ್ಕಿದೆ. ಹಳೆಯ ಹಳದಿ ಗೆರೆಗಳನ್ನೆಲ್ಲ ಕೆರೆದು ತೆಗೆದೆ. ಮತ್ತೆ ಕೂಡಿಸಿ ಬಿಗಿದೆ. ಪಾನಾ ಎಲ್ಲಕ್ಕೂ ಟಕ್ ಎಂದಿತು. ಕಾಕಾನ ಪಾನಾವನ್ನು ಅವರ ತಮ್ಮ ನನಗೇ ಕೊಟ್ಟಿದ್ದಾನೆ. ಬಿಗಿದು, ಸರಿದು ನಿಂತೆ. ನಿಂತ ಮೇಲೆ ಗೊತ್ತಾಯಿತು, ಮುಂದೆ ಬರುವವರು ಯಾರೂ ಇಲ್ಲ.

ರಸ್ತೆ ದಾಟಿ ಭೀಮಪ್ಪನ ಶೆಡ್ಡಿಗೆ ಹೋದೆ. ಶೆಡ್ಡು ಹಾಕಿದ ಮೇಲೆ ಕೆಲಸಕ್ಕೆಂದು ನಾನು ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಭೀಮಪ್ಪಾ, ಒಂದ್ ಗಳಿಗಿ ಬಾ. ನಾ ಬಿಗಿದೇನಿ. ನೀ ಒಮ್ಮೆ ನೋಡು."

ಅವನು ನನ್ನ ಮುಖ ನೋಡಿದ. "ಯಾಕೋ ಮಾಳ್ಯಾ, ಕೈ ನಡಗಾಕತ್ತಾವೇನು? ಸಕ್ರಿ ಬ್ಯಾನಿ ಏನರೆ ಆಗೇತೇನೋ?"

"ಕೈ ಗಟ್ಟಿ ಅದಾವ. ಸುಮ್ನ ಬಾರೋ."

ಬಂದ. ಬರುವಾಗ ತನ್ನ ಬಣ್ಣದ ಡಬ್ಬಿ, ಕುಂಚ ತಂದ. ಗಾಲಿಯ ಮುಂದೆ ಕುಂತ. ನಾನು ಪಾನಾ ಮುಂದೆ ಹಿಡಿದೆ. ಅದನ್ನು ಅವನು ನೋಡಲೂ ಇಲ್ಲ. ಕುಂಚ ಅದ್ದಿ ಒಂದಾದ ಮೇಲೊಂದು ಗೆರೆ ಎಳೆದ. ನಾನು ಒಮ್ಮೆಯೂ ಅಷ್ಟು ನೆಟ್ಟಗೆ ಎಳೆದಿಲ್ಲ.

"ನೋಡಲಿಲ್ಲಲ್ಲೋ?"

"ನೀ ಬಿಗಿದದ್ದನ್ನ ನಾ ನೋಡೂದೇನೋ, ಹುಚ್ಚಾ. ನಿನ್ನ ಕೈ ನನಗ ಗೊತ್ತಿಲ್ಲೇನು?" ಎಂದು ಬೆನ್ನ ಮೇಲೆ ಒಂದು ಏಟು ಹಾಕಿ ಹೋದ.

ಅಷ್ಟು ವರ್ಷ ನನ್ನನ್ನು ಆಡಿಕೊಂಡವನ ಬಾಯಿಂದ ಬಂದ ಮಾತು. ಬೇರೆ ದಿನವಾಗಿದ್ದರೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಅವತ್ತು ಚಿಂದಿಯನ್ನು ಡೀಸೆಲ್ಲಿಗೆ ಅದ್ದಿ ಅವನ ಗೆರೆಗಳನ್ನೆಲ್ಲ ಒರೆಸಿದೆ. ಪಾನಾ ಕೆಳಗಿಟ್ಟು ಹೊರಗೆ ಹೋದೆ. ಬೇವಿನ ಗಿಡದ ಕೆಳಗೆ ನಿಂತೆ. ಮುಖಕ್ಕೆ ನೀರು ಹಾಕಿಕೊಂಡೆ. ಅರಭಾವಿ ಕಡೆಯಿಂದ ಒಂದು ಬಸ್ ಬಂದು ಹೋಯಿತು. ಇಳಿದವರಲ್ಲಿ ಹೆಗಲಿಗೆ ಚೀಲ ಹಾಕಿದವರು ಯಾರೂ ಇರಲಿಲ್ಲ. ಒಳಗೆ ಬಂದು ಗಾಲಿಯ ಮುಂದೆ ಕುಂತು ಒಂದೊಂದೇ ನಟ್ಟಿಗೆ ಪಾನಾ ಹಚ್ಚಿದೆ. ಎಲ್ಲವೂ ಟಕ್ ಎಂದವು. ಪೆನ್ನು ಜೇಬಿನಲ್ಲೇ ಇತ್ತು.

ಡ್ರೈವರ ಟ್ರ್ಯಾಕ್ಟರ್ ಚಾಲೂ ಮಾಡಿದ. ತಿರುಗಿ ಗಾಲಿಯ ಕಡೆ ನೋಡಿ ಮುಖ ಸಣ್ಣದು ಮಾಡಿದ.

"ಅರಿಶಿನ ಹಚ್ಚಲಿಲ್ಲೇನ್ರಿ ಮಾಮಾ?"

"ಬಿಗಿ ಅದಾವ, ಹೋಗು. ಅದನ್ನ ಹಚ್ಚಾಕ ಬರಂಗಿಲ್ಲೋ ತಮ್ಮಾ" ಎಂದೆ. "ಇಲ್ಲೆ ನಾ ಒಬ್ಬನ ಅದೇನಿ."